ಗುಂಟೂರು ಘಾಟಿನ ಮೇಲೆ ಹೊರಿಸಿದ ಕೆಮ್ಮು

ಇದನ್ನು ಹೇಳುವುದನ್ನು ಬಹಳ ವರ್ಷ ಮುಂದಕ್ಕೆ ಹಾಕುತ್ತಲೇ ಬಂದೆ. ಮಗಳ ಮದುವೆ ಮುಗಿಯಲಿ ಎಂದೆ, ನಿವೃತ್ತಿಯಾಗಲಿ ಎಂದೆ, ಊರಿಗೆ ಮರಳಿ ಒಂದು ನೆಲೆ ಸಿಗಲಿ ಎಂದೆ. ಎಲ್ಲವೂ ಆಗಿಹೋಯಿತು. ಈ ಮಾತು ಮಾತ್ರ ಗಂಟಲಲ್ಲೇ ಉಳಿದಿತ್ತು. ಕಡೆಗೆ ಹೋದ ಬೇಸಿಗೆಯ ಮೊದಲಲ್ಲಿ, ಬ್ಯಾಡಗಿಯ ಒಂದು ಖಾರದ ಗಿರಣಿಯ ಮುಂದೆ, ಅದು ತಾನಾಗಿಯೇ ಹೊರಗೆ ಬಿತ್ತು.

ನಾನು ಮತ್ತು ನನ್ನ ಹೆಂಡತಿ ಸುಶೀಲಾ ವರ್ಷದ ಖಾರಪುಡಿ ಮಾಡಿಸಲು ಹೋಗಿದ್ದೆವು. ಒಳಗೆ ದೊಡ್ಡ ಕಡಾಯಿಯಲ್ಲಿ ಮೆಣಸಿನಕಾಯಿ ಹುರಿಯುತ್ತಿದ್ದರು. ಸಾಲಿನಲ್ಲಿ ನಿಂತವರೆಲ್ಲ ಸೆರಗು, ಟವೆಲು ಮೂಗಿಗೆ ಒತ್ತಿಕೊಂಡು ಕೆಮ್ಮುತ್ತಿದ್ದರು.

"ಇದು ನಮ್ಮ ಮಾಲಲ್ರೀ, ಗುಂಟೂರಿಂದು. ಹೋಟೆಲಿನವರದು ಐತಿ. ಸ್ವಲ್ಪ ದೂರ ನಿಲ್ರಿ!" ಎಂದು ಗಿರಣಿಯವನು ಕೂಗಿದ.

ಎಲ್ಲರೂ ಹಿಂದೆ ಸರಿದರು. ನಾನು ಮೂಗು ಅರಳಿಸಿಕೊಂಡು ಬಾಗಿಲಲ್ಲೇ ನಿಂತಿದ್ದೆ. ಸುಶೀಲಾ ಕಣ್ಣೊರೆಸಿಕೊಳ್ಳುತ್ತ ನನ್ನನ್ನೇ ನೋಡಿದಳು.

"ಗುಂಟೂರಿಂದಂತಲ್ರೀ ಇದು."

"ಹೂಂ."

"ನಿಮಗ ಕೆಮ್ಮು ಬರಲಿಲ್ಲ."

"ಇಲ್ಲ."

"ಮತ್ತ ವೈಜಾಗಿನ್ಯಾಗ ಬರ್ತಿತ್ತಲ್ಲ?"

"ಅದು ಮೆಣಸಿನಕಾಯಿದಲ್ಲ, ಸಿಗರೇಟಿಂದು," ಎಂದುಬಿಟ್ಟೆ.

ಅವಳು ಕೂಗಾಡಲಿಲ್ಲ. ಖಾರಪುಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತಳು. ಹಾವೇರಿ ಹತ್ತಿರ ಬಂದಾಗ ಹೇಳಿದಳು: "ಸಿಗರೇಟಿನ ಮಾತು ಬಿಡ್ರಿ, ಅದು ನನ್ನ ನಿಮ್ಮ ಜಗಳ. ಎದುರು ಮನಿ ಅಕ್ಕಯ್ಯನ ಮೊಣಕಾಲಿಗೆ ಏನಂತೀರಿ? ಅವರಿಗೆ ಹೇಳೋಣಂದ್ರ ಅವರು ಈಗ ಇಲ್ಲ. ಅದಕ್ಕ ಎಲ್ಲಾರಿಗೂ ಹೇಳ್ರಿ. ಬರೀರಿ."

ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳವು. ವಿಶಾಖಪಟ್ಟಣದ ಒಂದು ಕಾರ್ಖಾನೆಯ ಗೇಟಿನಲ್ಲಿ ಲಾರಿ ತೂಗುವ ಕಾಟಾ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮಪ್ಪ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ತೂಗುತ್ತಿದ್ದ. ಎಸ್ಸೆಸ್ಸೆಲ್ಸಿ ಓದಿದ ನಾನು ಲಾರಿ ತೂಗುತ್ತಿದ್ದೆ. ವಂಶದ ಏಳಿಗೆ ಇಷ್ಟು. ಹುಡುಗನಾಗಿದ್ದಾಗ ಸಂಜೆ ಶಾಲೆ ಬಿಟ್ಟ ಮೇಲೆ ಅಪ್ಪನ ಹಿಂದೆ ಪೇಟೆಗೆ ಹೋಗಿ, ಕೆಂಪು ರಾಶಿಗೆ ಬೆನ್ನು ಕೊಟ್ಟು ನಿದ್ದೆ ಹೊಡೆದವನು ನಾನು. ಮೆಣಸಿನಕಾಯಿಯ ಘಾಟು ನನಗೆ ತೊಟ್ಟಿಲ ವಾಸನೆ ಇದ್ದ ಹಾಗೆ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು.

ಕಾರ್ಖಾನೆಯ ಕಾಲೊನಿಯಲ್ಲಿ ನಮ್ಮದು ನೆಲಮಹಡಿಯ ಮನೆ. ಎದುರು ಬಾಗಿಲು ಅಕ್ಕಯ್ಯನದು. ತೆಲುಗಿನಲ್ಲಿ ಅಕ್ಕಯ್ಯ ಎಂದರೆ ಅಕ್ಕ. ಬೆಜವಾಡದವರು, ವಿಜಯವಾಡವನ್ನು ಅವರು ಒಂದು ದಿನವೂ ವಿಜಯವಾಡ ಎಂದವರಲ್ಲ. ಗಂಡ ತೀರಿಕೊಂಡ ಮೇಲೆ ನಮ್ಮ ಕಾರ್ಖಾನೆಯಲ್ಲಿದ್ದ ಮಗನ ಜೊತೆ ಇದ್ದರು. ಬಾಗಿಲ ಮೇಲೆ ಮಗನ ಹೆಸರಿತ್ತು. ಅವರ ಹೆಸರನ್ನು ಯಾರೂ ಕೇಳಿರಲಿಲ್ಲ. ಮೂರು ಮಹಡಿಗಳ ಆ ಮೆಟ್ಟಿಲಿಗೆಲ್ಲ ಅವರು ಅಕ್ಕಯ್ಯ. ನನಗಿಂತ ಹತ್ತು ವರ್ಷ ಹಿರಿಯರು, ನನ್ನನ್ನು ತಮ್ಮುಡೂ ಎಂದು ಕರೆಯುತ್ತಿದ್ದರು. ಅವರು ತೆಲುಗಿನಲ್ಲಿ, ಸುಶೀಲಾ ನಮ್ಮ ಹಾವೇರಿ ಕನ್ನಡದಲ್ಲಿ ಬಾಗಿಲಿಗೆ ಬಾಗಿಲು ಕೊಟ್ಟು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಇಬ್ಬರಿಗೂ ಎಲ್ಲ ತಿಳಿಯುತ್ತಿತ್ತು. ಇಲ್ಲಿ ಅವರ ಮಾತನ್ನು ಹೆಚ್ಚಾಗಿ ಕನ್ನಡದಲ್ಲೇ ಬರೆಯುತ್ತೇನೆ.

ಒಂದು ಚಳಿಗಾಲದ ಮೊದಲಲ್ಲಿ ನನಗೆ ಎದೆ ಕಟ್ಟಿ ತೊಂದರೆಯಾಗಿತ್ತು. ಸುಶೀಲಾ ನನ್ನನ್ನು ಸಿಂಹಾಚಲದ ಗುಡಿಗೆ ಕರೆದೊಯ್ದು, ಮೆಟ್ಟಿಲ ಮೇಲೆ ನಿಲ್ಲಿಸಿ, ಇನ್ನು ಸಿಗರೇಟು ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿದಳು. ಆಣೆ ಸಂಕ್ರಾಂತಿಯವರೆಗೆ ನಡೆಯಿತು. ಆಮೇಲೆ ಕಾಟಾದ ಹಿಂದಿನ ಸರ್ವೆ ಮರಗಳ ಸಾಲಿನಲ್ಲಿ ಮತ್ತೆ ಹೊಗೆ ಎದ್ದಿತು. ಜೊತೆಗೆ ಅಪ್ಪಲರಾಜು ಇದ್ದ; ಗೇಟಿನಲ್ಲಿ ಲಾರಿಗಳಿಗೆ ಚೀಟಿ ಕೊಡುವವನು, ಭೀಮುನಿಪಟ್ಟಣದ ಬೆಸ್ತರ ಮನೆಯವನು. ಸಮುದ್ರದ ಗಾಳಿಗೆ ಬೆಂಕಿಕಡ್ಡಿ ಆರದಂತೆ ಕೈಯೊಡ್ಡುವುದನ್ನು ಅವನಿಂದಲೇ ಕಲಿತೆ. ಫೆಬ್ರವರಿ ಕಳೆಯುವಷ್ಟರಲ್ಲಿ ಕೆಮ್ಮು ಮರಳಿ ಬಂತು.

ಒಂದು ಮಧ್ಯಾಹ್ನ ಊಟಕ್ಕೆ ಕುಳಿತವನಿಗೆ ಕೆಮ್ಮು ಬಿಡಲೇ ಇಲ್ಲ. ಸುಶೀಲಾ ಅನ್ನ ಬಡಿಸುವ ಕೈ ತಡೆದಳು.

"ಮತ್ತ ಶುರು ಮಾಡೀರೇನು?"

ಅದೇ ಹೊತ್ತಿಗೆ ಎದುರು ಮನೆಯಲ್ಲಿ ಅಕ್ಕಯ್ಯ ಪಪ್ಪಿಗೆ, ಅಂದರೆ ತೊವ್ವೆಗೆ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರು. ಘಾಟು ಬಾಗಿಲು ದಾಟಿ ಬಂತು. ದೇವರೇ ಕಳಿಸಿದ ಹಾಗೆ.

"ಸಿಗರೇಟಲ್ಲ, ಮಾರಾಯ್ತಿ. ಈ ಘಾಟು!"

"ಬ್ಯಾಡಗ್ಯಾಗ ಹುಟ್ಟಿದವರಿಗೆ ಮೆಣಸಿನಕಾಯಿ ಘಾಟು ಹತ್ತತದ?"

"ನಮ್ಮದು ಬಣ್ಣದ ಕಾಯಿ. ಇದು ಗುಂಟೂರು, ಬರೇ ಬೆಂಕಿ. ಎರಡಕ್ಕೂ ಹೋಲಿಕೆ ಐತೇನು?"

ನ್ಯಾಯವಾದ ಮಾತು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ ಖಾರ ಕಮ್ಮಿ ಎಂಬುದು ಎಲ್ಲರಿಗೂ ಗೊತ್ತು. ಸುಶೀಲಾ ನಂಬಿದಳು. ತೆರೆದ ಬಾಗಿಲ ಆಚೆ ಘಾಟಿನ ಮಾತಷ್ಟು ಅಕ್ಕಯ್ಯನಿಗೂ ಕೇಳಿಸಿತ್ತು. ಸೌಟು ಹಿಡಿದುಕೊಂಡೇ ಬಂದರು.

"ಅಯ್ಯೋ ತಮ್ಮುಡೂ! ನನ್ನ ಒಗ್ಗರಣೆಯಿಂದಲೇ ನಿನಗೆ ಈ ದಗ್ಗು? ಮೊದಲೇ ಹೇಳಬಾರದಾ?"

ದಗ್ಗು ಎಂದರೆ ಕೆಮ್ಮು. ಆ ಪದವನ್ನು ನಾನು ಆಮೇಲೆ ದಿನಕ್ಕೆ ಎಷ್ಟು ಸಲ ಕೇಳಿದೆನೋ. ಕನ್ನಡದವರು ಸಾಂಬಾರಿಗೆ ಬೆಲ್ಲ ಹಾಕುವವರು, ಖಾರ ತಡೆಯಲಾರರು ಎಂಬುದು ಕಾಲೊನಿಯಲ್ಲಿ ಹಳೆಯ ತಮಾಷೆ. ನನ್ನ ಸುಳ್ಳು ಆ ತಮಾಷೆಯ ಮೇಲೆ ಹತ್ತಿ ಕುಳಿತು ಎಲ್ಲ ಮಹಡಿಗೂ ಸವಾರಿ ಮಾಡಿತು. ಬ್ಯಾಡಗಿ ಎಲ್ಲಿದೆ, ಅಲ್ಲಿ ಏನು ಬೆಳೆಯುತ್ತದೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಆಮೇಲಿನ ದಿನಗಳ ಸುಖವನ್ನು ಏನೆಂದು ಹೇಳಲಿ! ಬೆಳಿಗ್ಗೆ ಎದ್ದರೆ ಸುಶೀಲಾ ಕೊತ್ತಂಬರಿ, ಜೀರಿಗೆ, ಒಣಶುಂಠಿಯ ಕಷಾಯಕ್ಕೆ ಬೆಲ್ಲ ಹಾಕಿ ಕೊಡುವಳು. ಹತ್ತಕ್ಕೆ ಅಕ್ಕಯ್ಯನ ಮನೆಯಿಂದ ಮಿರಿಯಾಲ ಚಾರು, ಅಂದರೆ ಕಾಳುಮೆಣಸಿನ ಸಾರು. ಕುಡಿದರೆ ಕಿವಿಯ ಹಿಂದೆ ಬೆವರುತ್ತಿತ್ತು. ಸಂಜೆ ಸುಶೀಲಾ ಸುಟ್ಟ ಉಳ್ಳಾಗಡ್ಡಿಯನ್ನು ಬೆಲ್ಲದ ಜೊತೆ ತಿನ್ನಿಸಿದರೆ, ಮಲಗುವ ಮುಂಚೆ ಅಕ್ಕಯ್ಯನ ಅರಿಸಿನದ ಹಾಲು ಹಾಜರು. ಒಬ್ಬರ ಮದ್ದಿನ ಮೇಲೆ ಇನ್ನೊಬ್ಬರದು.

"ನಿಮ್ಮ ಕಷಾಯ ಪಾಯಸದ ಹಾಗಿದೆ ಸುಶೀಲಮ್ಮಾ. ದಗ್ಗು ಹೋಗುವುದಿಲ್ಲ, ಇನ್ನೊಂದು ಲೋಟ ಕೊಡಿ ಅಂತ ಕೂತುಕೊಳ್ಳುತ್ತದೆ."

"ನಿಮ್ಮ ಸಾರು ಕುಡಿದ್ರ ಕೆಮ್ಮಲ್ಲ, ಕೆಮ್ಮುವವರ ಹೋಗ್ತಾರ!"

ಇಬ್ಬರೂ ನಕ್ಕು ನಕ್ಕು ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಿದ್ದರು. ಅಪ್ಪಲರಾಜು ಕೂಡ ಬಿಡಲಿಲ್ಲ. "ಗುರೂ, ಎಲ್ಲ ಬಿಡು, ನಮ್ಮಮ್ಮನ ಕೈಯ ಏಡಿ ಸಾರು ಒಂದು ಸಲ ಕುಡಿ," ಎಂದ. ನಾನು ಲಿಂಗವಂತ ಎಂದೆ. "ಏಡಿಗೆ ಅದು ಗೊತ್ತಾಗುವುದಿಲ್ಲ ಗುರೂ," ಎಂದ.

ಎಲ್ಲಕ್ಕಿಂತ ದೊಡ್ಡ ಮದ್ದು ಕರಕ್ಕಾಯ. ನಮ್ಮ ಅಳಲೆಕಾಯಿ. ಅಕ್ಕಯ್ಯ ಅದನ್ನು ಕೆಂಡದ ಮೇಲೆ ಹುರಿದು, ಚೂರು ಮಾಡಿ, ಉಪ್ಪು ಸವರಿ, ಒಂದು ಚೂರನ್ನು ನನ್ನ ದವಡೆಯ ಸಂದಿಗೆ ತಾವೇ ಇಡುತ್ತಿದ್ದರು. "ಅಗಿಯಬಾರದು. ಬಾಯಲ್ಲಿ ಇರುವಷ್ಟು ಹೊತ್ತು ಮಾತಾಡಬಾರದು. ರಸ ಮಾತ್ರ ನುಂಗುತ್ತಿರಬೇಕು." ಬಾಯೆಲ್ಲ ಒಗರು. ಆದರೆ ನನಗೆ ಅದರಿಂದ ಬೇರೆಯೇ ಉಪಯೋಗವಾಯಿತು. ಕರಕ್ಕಾಯದ ಮುಂದೆ ಸಿಗರೇಟಿನ ವಾಸನೆ ನಿಲ್ಲುತ್ತಿರಲಿಲ್ಲ. ಸರ್ವೆ ಮರದ ಹಿಂದೆ ಸೇದಿ, ಒಂದು ಚೂರು ದವಡೆಗಿಟ್ಟು ಮನೆಗೆ ಬಂದರೆ ಸುಶೀಲಾ ಹತ್ತಿರ ನಿಂತರೂ ಏನೂ ತಿಳಿಯುತ್ತಿರಲಿಲ್ಲ. ಮಾತಾಡಬಾರದೆಂಬ ನಿಯಮವಿದ್ದುದರಿಂದ ಪ್ರಶ್ನೆಗೆ ಉತ್ತರವನ್ನೂ ಕೊಡಬೇಕಿರಲಿಲ್ಲ. ಅವರ ಮದ್ದನ್ನೇ ನನ್ನ ಕಳ್ಳತನಕ್ಕೆ ಮುಸುಕು ಮಾಡಿಕೊಂಡೆ. ಕೆಮ್ಮು ಹೋಗುವುದು ನನಗೇ ಬೇಕಿರಲಿಲ್ಲ.

ಆದರೆ ಅಕ್ಕಯ್ಯನಿಗೆ ಬೇಕಿತ್ತು. ಯುಗಾದಿಗೆ ಮುಂಚೆ ಪ್ರತಿ ವರ್ಷ ಅವರ ಮನೆಯಲ್ಲಿ ಕಾರಂ, ಅಂದರೆ ಖಾರಪುಡಿ, ಮಾಡುವ ದಿನ ಎಂದೊಂದು ಇರುತ್ತಿತ್ತು. ಗುಂಟೂರಿನಿಂದ ಮೂಟೆ ತರಿಸಿ, ಮೆಟ್ಟಿಲಿನ ಹೆಂಗಸರೆಲ್ಲ ಅವರ ಅಡುಗೆಮನೆಯಲ್ಲಿ ಸೇರಿ, ಧನಿಯಾ, ಮೆಂತ್ಯ, ಜೀರಿಗೆ ಹುರಿದು, ಬೆಳ್ಳುಳ್ಳಿ ಹಾಕಿ ಒರಳಿನಲ್ಲಿ ಕುಟ್ಟುವರು. ಅಂದು ಇಡೀ ಮೆಟ್ಟಿಲು ಕೆಮ್ಮುತ್ತ, ಸೀನುತ್ತ, ನಗುತ್ತ ಇರುತ್ತಿತ್ತು. ಹಬ್ಬಕ್ಕಿಂತ ದೊಡ್ಡ ಹಬ್ಬ. ಆ ವರ್ಷ ಅಕ್ಕಯ್ಯ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಹೇಳಿದರು: "ಈ ಸಲ ಇಲ್ಲಿ ಕಾರಂ ಇಲ್ಲ. ಎದುರು ಮನೆ ತಮ್ಮುಡಿಗೆ ಘಾಟು ಆಗುವುದಿಲ್ಲ. ಬೆಜವಾಡದಲ್ಲಿ ಮಗಳ ಮನೆಯ ಟೆರೇಸಿನ ಮೇಲೆ ಮಾಡಿ ತರುತ್ತೇನೆ."

ಹೆಂಗಸರ ಮುಖ ಸಣ್ಣದಾಯಿತು. ಎರಡನೇ ಮಹಡಿಯ ಟೀಚರಮ್ಮ ನನ್ನ ಕಡೆ ತಿರುಗಿ, "ಏಮಂಡೀ, ನಿಮ್ಮ ಕೆಮ್ಮು ನಮ್ಮ ಹಬ್ಬವನ್ನೇ ತಿಂದುಹಾಕಿತಲ್ಲ!" ಎಂದರು. ನಗುತ್ತಲೇ ಅಂದದ್ದು. ಆಗ ಬಾಯಿ ತೆರೆದು ನಿಜ ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ದವಡೆಯಲ್ಲಿ ಕರಕ್ಕಾಯ ಇತ್ತು. ನಿಯಮ ಪಾಲಿಸಿದೆ.

ಅಕ್ಕಯ್ಯನ ಮಗನಿಗೆ ರಜೆ ಸಿಗಲಿಲ್ಲ. ಗುಂಟೂರಿನ ಮೂಟೆಗಳು ಆಗಲೇ ಬಂದಿಳಿದಿದ್ದವು, ಹೊರಲು ಜನ ಬೇಕು. "ನಾವು ಬರ್ತೀವಿ ಬಿಡ್ರಿ," ಎಂದಳು ಸುಶೀಲಾ. "ಕನಕದುರ್ಗೆ ದರ್ಶನನೂ ಆಗ್ತೈತಿ. ಹುರಿಯೂ ಹೊತ್ತಿಗೆ ಇವರನ್ನ ಹೊಳಿ ಕಡೆ ಕಳಿಸಿದ್ರಾತು."

ಬೆಳಗಿನ ರೈಲಿನಲ್ಲಿ ಹೊರಟೆವು. ಸೀಟಿನ ಕೆಳಗೆ ಎರಡು ಮೂಟೆ ಮೆಣಸಿನಕಾಯಿ. ಎದುರು ಕುಳಿತ ಗೃಹಸ್ಥರು ಸೀನಿದಾಗೆಲ್ಲ ಅಕ್ಕಯ್ಯ ನನ್ನ ಮುಖ ನೋಡುವರು. ನಾನು ಮರ್ಯಾದೆಗಾಗಿ ಒಂದು ಸಲ ಕೆಮ್ಮುವೆ. ತುನಿ ಸ್ಟೇಷನ್ ದಾಟಿದ ಮೇಲೆ ಅಲ್ಲಂ ಮುರಬ್ಬಾ ಮಾರುವವನು ಬಂದ. ಬೆಲ್ಲದಲ್ಲಿ ಕುದಿಸಿದ ಶುಂಠಿಯ ಬಿಲ್ಲೆ. ಅಕ್ಕಯ್ಯ ಒಂದು ಪೊಟ್ಟಣ ಕೊಂಡು ನನ್ನ ಬಾಯಿಗೆ ಒಂದೊಂದಾಗಿ ಹಾಕಿದರು. ಅರ್ಧ ಶತಮಾನ ಕಂಡ ಗಂಡಸು ನಾನು, ಮಗುವಿನಂತೆ ಬಾಯಿ ತೆರೆಯುತ್ತಿದ್ದೆ. ಹೊರಗೆ ಗದ್ದೆ, ತೆಂಗು, ಗೋದಾವರಿ. ಸುಶೀಲಾ ಕಿಟಕಿಯಿಂದ ನದಿಗೆ ಕೈಮುಗಿದಳು. ನಮ್ಮ ಬದುಕಿನಲ್ಲಿ ಅಷ್ಟು ಹಗುರಾದ ಪ್ರಯಾಣ ಇನ್ನೊಂದಿಲ್ಲ.

ವಿಜಯವಾಡದಲ್ಲಿ ಮಗಳ ಮನೆ ಹಳೆಯ ಪೇಟೆಯಲ್ಲಿ, ಬೆಟ್ಟದ ಬುಡದ ಒಂದು ಓಣಿಯಲ್ಲಿತ್ತು. ಅಲ್ಲಿನ ಬಿಸಿಲಿಗೆ ಬಂಡೆ ಕಾದು ಓಣಿಯೇ ಒಲೆಯಾಗಿತ್ತು. ಮಾರನೆಯ ದಿನ ಟೆರೇಸಿನ ಮೇಲೆ ಒಲೆ ಹೂಡಿದರು. ಅಕ್ಕಪಕ್ಕದ ಹೆಂಗಸರೆಲ್ಲ ಬಂದರು. ಅವರು ಅಕ್ಕಯ್ಯನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಅಷ್ಟು ವರ್ಷ ಎದುರು ಬಾಗಿಲಲ್ಲಿದ್ದರೂ ಆ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ಅಲ್ಲಿ. ಕೇಳಿ, ನಮ್ಮ ಕಡೆಯವರದೇ ಹೆಸರಲ್ಲವೇ ಎಂದು ಒಂದು ಗಳಿಗೆ ನಿಂತೆ.

ಅಕ್ಕಯ್ಯ ನನ್ನ ದವಡೆಗೆ ಕರಕ್ಕಾಯ ಇಟ್ಟು ನದಿಯ ಕಡೆ ಅಟ್ಟಿದರು. ಸ್ನಾನಘಟ್ಟದ ಹತ್ತಿರ ಒಂದು ಅಂಗಡಿಯಲ್ಲಿ ಸಿಗರೇಟು ಕೊಂಡೆ. ಹಿಂದಿನ ದಿನವೆಲ್ಲ ಅವಕಾಶ ಸಿಕ್ಕಿರಲಿಲ್ಲ, ಜೀವ ಒಣಗಿತ್ತು. ಅವಸರದಲ್ಲಿ ಚೂರನ್ನು ಉಗುಳದೆಯೇ ಹಚ್ಚಿಬಿಟ್ಟೆ. ಅದುವರೆಗೆ ಯಾವಾಗಲೂ ಸಿಗರೇಟು ಮೊದಲು, ಕರಕ್ಕಾಯ ಆಮೇಲೆ. ಒಗರಿನ ಮೇಲೆ ಹೊಗೆ ಬಿದ್ದಾಗ ತುಕ್ಕು ಹಿಡಿದ ಮೊಳೆ ನೆಕ್ಕಿದಂತಾಯಿತು. ಸಿಗರೇಟನ್ನು ಬಿಸಾಕಿ ಮುಖ ತೊಳೆದುಕೊಂಡೆ. ಇನ್ನು ಬಿಸಿಲಲ್ಲಿ ಏನು ಮಾಡುವುದೆಂದು ಓಣಿಗೆ ತಿರುಗಿದೆ.

ಓಣಿಯ ತುದಿಗೇ ಆ ವಾಸನೆ ಬಂತು. ಕಾದ ಕಾಯಿ, ಒಣ ಬೀಜ, ಗೋಣಿಚೀಲ. ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಮೆಟ್ಟಿಲು ಹತ್ತಿ ಹೋದೆ. ಟೆರೇಸಿನ ಒಂದು ಮೂಲೆಯಲ್ಲಿ ಕೆಂಪು ರಾಶಿ, ಸುತ್ತ ಹೆಂಗಸರು ತೊಟ್ಟು ಮುರಿಯುತ್ತಿದ್ದರು. ನಾನೂ ಪಂಚೆ ಮಡಚಿ ಕುಳಿತೆ. ಹೆಬ್ಬೆರಳಿನ ಉಗುರು ತಾಗಿಸಿ ಕಾಯನ್ನು ಅರ್ಧ ಸುತ್ತು ತಿರುಗಿಸಿದರೆ ತೊಟ್ಟು ತಾನೇ ಕಳಚುತ್ತದೆ; ಬೀಜ ಚೆಲ್ಲುವುದಿಲ್ಲ. ಬ್ಯಾಡಗಿಯ ಹುಡುಗರಿಗೆ ಇದು ಅಕ್ಷರಕ್ಕಿಂತ ಮೊದಲು ಬರುತ್ತದೆ. ಎರಡು ಕೈಯಲ್ಲೂ ಮುರಿಯತೊಡಗಿದೆ. "ಅಮ್ಮೋ, ಈ ಕನ್ನಡದವರ ಕೈ ನೋಡ್ರೇ!" ಎಂದು ಒಬ್ಬಾಕೆ ಕೂಗಿದಳು. ಸುಶೀಲಾ ಕೆಳಗೆ ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ನಾನು ಅಪ್ಪನ ಕಾಟಾದ ಪಕ್ಕದಲ್ಲಿ ಕುಳಿತಂತೆ ಲೋಕ ಮರೆತಿದ್ದೆ.

ಅಕ್ಕಯ್ಯ ಬಾಣಲೆ ಇಳಿಸಿದರು. ಹೊಗೆ ನೇರ ನಮ್ಮ ಕಡೆ ಬಂತು. ಹೆಂಗಸರೆಲ್ಲ ಸೆರಗು ಮುಚ್ಚಿಕೊಂಡು ಕೆಮ್ಮಿದರು. ನಾನು ಹಾಡು ಗುನುಗುತ್ತ ತೊಟ್ಟು ಮುರಿಯುತ್ತಲೇ ಇದ್ದೆ. ಮುಂದಿನ ಹಿಡಿಗೆ ಕೈ ಚಾಚುವಾಗ ತಲೆ ಎತ್ತಿದೆ. ಅಕ್ಕಯ್ಯ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದರು.

"ತಮ್ಮುಡೂ... ದಗ್ಗು ಬರಲಿಲ್ಲವೇ?"

ಸಿಕ್ಕಿಬಿದ್ದೆ. ಎಲ್ಲ ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ದವಡೆಯಿಂದ ಕರಕ್ಕಾಯದ ಚೂರು ತೆಗೆದು ಬೆರಳ ತುದಿಯಲ್ಲಿ ಎತ್ತಿ ಹಿಡಿದೆ.

"ಅಕ್ಕಯ್ಯಾ, ಇದರ ಮಹಿಮೆ!"

ಅವರ ಮುಖ ಅರಳಿದ್ದನ್ನು ನಾನು ಸಾಯುವವರೆಗೆ ಮರೆಯಲಾರೆ. ಟೆರೇಸಿನ ಅಂಚಿಗೆ ಓಡಿ, ಪಕ್ಕದ ಟೆರೇಸಿನವರನ್ನು ಕೂಗಿ, ಅವರ ಪಕ್ಕದವರಿಗೆ ಹೇಳಲು ಹೇಳಿದರು. ಸಂಜೆಯೊಳಗೆ ಆ ಓಣಿಯಲ್ಲಿ ಯಾರಿಗೆ ಕೆಮ್ಮಿತ್ತೋ ಅವರೆಲ್ಲರ ದವಡೆಯಲ್ಲೂ ಕರಕ್ಕಾಯ. ಓಣಿಗೆ ಓಣಿಯೇ ಮಾತಿಲ್ಲದೆ ಕುಳಿತಿತ್ತು. "ಯಾವತ್ತೂ ಇಷ್ಟು ಶಾಂತ ಇರಲಿಲ್ಲ ಈ ಓಣಿ," ಎಂದು ಅವರ ಅಳಿಯ ನಕ್ಕ. ಹೋಳಿಗೆಯ ಮೇಲೆ ತುಪ್ಪ ಸುರಿದು ನನಗೇ ಮೊದಲು ಬಡಿಸಿದರು.

ವಿಚಿತ್ರವೆಂದರೆ ಕರಕ್ಕಾಯದ ಮಹಿಮೆ ಎಂದು ನಾನು ಹೇಳಿದ ಸುಳ್ಳು ಆಮೇಲೆ ನಿಜವಾಯಿತು. ನದಿ ದಂಡೆಯ ಆ ರುಚಿ ನಾಲಗೆ ಬಿಡಲಿಲ್ಲ. ಕಾರ್ಖಾನೆಗೆ ಮರಳಿದ ಮೇಲೆ ಅಪ್ಪಲರಾಜು ಕಡ್ಡಿ ಗೀರಿದರೆ ಸಾಕು, ತುಕ್ಕಿನ ಮೊಳೆ ನೆನಪಾಗುತ್ತಿತ್ತು. ಯಾವ ಆಣೆಯೂ ಇಲ್ಲದೆ ಸಿಗರೇಟು ಬಿಟ್ಟುಹೋಯಿತು. ಮಾವಿನಹಣ್ಣಿನ ಹೊತ್ತಿಗೆ ಕೆಮ್ಮೂ ಹೋಯಿತು. ಇನ್ನೇನು ಹೇಳುವುದು, ಎಲ್ಲ ಸರಿಹೋಯಿತಲ್ಲ ಎಂದುಕೊಂಡೆ.

ಸರಿಹೋಗಿರಲಿಲ್ಲ. "ಹೋದ ದಗ್ಗನ್ನು ಮತ್ತೆ ಕರೆಯಬಾರದು," ಎಂದ ಅಕ್ಕಯ್ಯ ಮನೆಯೊಳಗೆ ಮೆಣಸಿನಕಾಯಿ ಹುರಿಯುವುದನ್ನೇ ನಿಲ್ಲಿಸಿದರು. ಮರುವರ್ಷದಿಂದ ಕಾರಂ ದಿನ ನಮ್ಮ ಕಟ್ಟಡದ ಟೆರೇಸಿಗೆ ಹೋಯಿತು. ಘಾಟು ಸಮುದ್ರಕ್ಕೆ ಹೋಗಲಿ, ಮೀನುಗಳು ಕೆಮ್ಮಲಿ ಎನ್ನುತ್ತಿದ್ದರು. ಹಬ್ಬ ಮರಳಿತು, ಹೆಂಗಸರ ನಗು ಮರಳಿತು. ಆದರೆ ದಿನದಿನದ ಒಗ್ಗರಣೆಯ ಮೆಣಸಿನಕಾಯಿ, ಚಟ್ನಿಪುಡಿಯ ಮೆಣಸಿನಕಾಯಿ? ಅದಕ್ಕೂ ಅವರು ಸಣ್ಣ ಸೀಮೆಎಣ್ಣೆ ಒಲೆ ಹಿಡಿದು ಮೂರು ಮಹಡಿ ಹತ್ತುತ್ತಿದ್ದರು. ಮೊಣಕಾಲು ನೋವಿನ ಹೆಂಗಸು. ಪ್ರತಿ ತಿರುವಿನಲ್ಲೂ ನಿಂತು ಕಂಬಿ ಹಿಡಿದು ಉಸಿರು ತೆಗೆದುಕೊಳ್ಳುವುದು ನನ್ನ ಮನೆಗೆ ಕೇಳುತ್ತಿತ್ತು. "ಇವರಿಗೆ ಗುಣ ಆಗೇತಿ, ಇಲ್ಲೇ ಹುರೀರಿ," ಎಂದು ಸುಶೀಲಾ ಎಷ್ಟು ಹೇಳಿದರೂ ಕೇಳಲಿಲ್ಲ. ಮನೆಯಲ್ಲಿದ್ದ ದಿನ ನಾನು ಅವರ ಕೈಯಿಂದ ಒಲೆ ತೆಗೆದುಕೊಂಡು ಹಿಂದೆ ಹೋಗುತ್ತಿದ್ದೆ. ಅದನ್ನು ನೋಡಿ ಟೀಚರಮ್ಮ, ತಮ್ಮ ಅಂದರೆ ಹೀಗಿರಬೇಕು ಎಂದು ಹೊಗಳುತ್ತಿದ್ದರು. ಒಲೆಯ ಭಾರ ಏನೂ ಇರಲಿಲ್ಲ. ಆ ಹೊಗಳಿಕೆ ಹೊರಲಾಗುತ್ತಿರಲಿಲ್ಲ.

ಮುಂದೆ ಅವರ ಮಗನಿಗೆ ವರ್ಗವಾಗಿ ಅಕ್ಕಯ್ಯ ಬೆಜವಾಡಕ್ಕೆ ಹೋದರು. ನನಗೆ ನಿವೃತ್ತಿಯಾಗಿ ಹುಬ್ಬಳ್ಳಿಗೆ ಹೊರಟಾಗ ವಿಜಯವಾಡದಲ್ಲಿ ರೈಲು ಬದಲಿಸಬೇಕಿತ್ತು. ಬರಬೇಡಿ ಎಂದರೂ ಬಂದರು, ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲೆಲ್ಲ ಹತ್ತಿ ಇಳಿದು. ಸುಶೀಲಾಳಿಗೆ ಕಾರಂ ಡಬ್ಬಿ ಕೊಟ್ಟರು. ಸುಶೀಲಾ ಒಳಗೆ ಸಾಮಾನು ಜೋಡಿಸುತ್ತಿದ್ದಳು. ಈಗಲೇ, ಎಂದು ಧೈರ್ಯ ತಂದುಕೊಂಡೆ.

"ಅಕ್ಕಯ್ಯಾ, ಆವತ್ತಿನ ಆ ದಗ್ಗು..."

"ಮತ್ತೆ ಬಂತೇ?" ಎಂದು ಗಾಬರಿಯಾಗಿ ಸೆರಗಿನ ಗಂಟು ಬಿಚ್ಚಿ ಒಂದು ಚೂರು ತೆಗೆದು ನನ್ನ ದವಡೆಗೆ ಇಟ್ಟೇಬಿಟ್ಟರು. "ಮಾತಾಡಬೇಡ. ರಸ ನುಂಗು."

ರೈಲು ಹೊರಟಿತು. ಬಾಗಿಲಲ್ಲಿ ನಿಂತು ಕೈ ಬೀಸಿದೆ. ಅವರು ತುಟಿಯ ಮೇಲೆ ಬೆರಳಿಟ್ಟು, ಮಾತಾಡಬೇಡ ಎಂದು ಸನ್ನೆ ಮಾಡುತ್ತ, ನಗುತ್ತ, ಸಣ್ಣವರಾಗುತ್ತ ಹೋದರು. ಅದೇ ಕೊನೆ.

ಇದನ್ನು ಬರೆಯುವಾಗಲೂ ನನ್ನ ದವಡೆಯಲ್ಲಿ ಒಂದು ಚೂರು ಇದೆ. ಚಳಿ ಹೋಗಿ ಬಿಸಿಲು ಬರುವ ಕಾಲ, ಸ್ವಲ್ಪ ಕೆಮ್ಮು. ಈ ಸಲ ಸಿಗರೇಟಿನದಲ್ಲ. ಸುಶೀಲಾಳೇ ಹುರಿದು ಇಟ್ಟಳು. ಕರಕ್ಕಾಯ ಬಾಯಲ್ಲಿದ್ದಾಗ ಮಾತಾಡಬಾರದೆಂದು ಅಕ್ಕಯ್ಯ ಹೇಳಿದ್ದರು. ಬರೆಯಬಾರದೆಂದು ಹೇಳಿರಲಿಲ್ಲ.

ಅಕ್ಕಯ್ಯ ಎಂದರೆ ಯಾರ ಅಕ್ಕನಾದರೂ ಆಗಬಹುದು. ತಪ್ಪೊಪ್ಪಿಕೊಳ್ಳುವವನು ಹೆಸರು ಹೇಳಬೇಕು. ಆ ಬೆಟ್ಟದ ಬುಡದ ಓಣಿಯವರು ಟೆರೇಸಿನಿಂದ ಟೆರೇಸಿಗೆ ಕೂಗಿ ಕರೆಯುತ್ತಿದ್ದ ಆ ಹೆಸರು ಬಸವಪೂರ್ಣಮ್ಮ.